ಹೂ ಬಿಡದ ಸಂಪಿಗೆ: ಕಡಿಯಬೇಡಿ, ಮಳೆನೀರು ಕುಡಿಸಿ

ಪ್ರಶ್ನೆ: ನಮ್ಮ ಮನೆ ಹಿತ್ತಲಲ್ಲಿ ಆರು ವರ್ಷದ ಸಂಪಿಗೆ ಗಿಡವಿದೆ. ಹತ್ತು ಅಡಿ ಬೆಳೆದಿದೆ, ಇದುವರೆಗೂ ಒಂದು ಮೊಗ್ಗು ಬಿಟ್ಟಿಲ್ಲ. ಹೊಸ ಎಲೆಗಳೆಲ್ಲ ಹಳದಿ, ನರಗಳು ಮಾತ್ರ ಹಸಿರು. ಬೇಸಿಗೆ ಬಂತೆಂದರೆ ಎಲೆಯ ಅಂಚು ಸುಟ್ಟ ಹಾಗಾಗುತ್ತದೆ. ದಿನವೂ ಬೋರ್‌ವೆಲ್ ನೀರು ಬಿಡುತ್ತೇವೆ, ಒಲೆ ಬೂದಿ ಹಾಕುತ್ತೇವೆ, ಹೂ ಬರಲೆಂದು ಎರಡು ಸಲ ಡಿಎಪಿ ಕೂಡ ಹಾಕಿದ್ದಾಯಿತು. ಕರೆಂಟ್ ತಂತಿಗೆ ತಾಗದಿರಲೆಂದು ವರ್ಷಕ್ಕೊಮ್ಮೆ ತುದಿ ಕತ್ತರಿಸುತ್ತೇವೆ. ಇದು ಗಂಡು ಗಿಡ, ಹೂ ಬಿಡುವುದಿಲ್ಲ ಎಂದು ಊರಲ್ಲಿ ಹೇಳುತ್ತಾರೆ. ಸಂಪಿಗೆ ಇದ್ದರೆ ಹಾವು ಬರುತ್ತದೆ ಎಂದು ನಮ್ಮತ್ತೆಗೆ ಭಯ. ಕಡಿದು ನಿಂಬೆ ಗಿಡ ಹಾಕೋಣ ಅನ್ನುತ್ತಾರೆ ಮಾವ. ನನಗೆ ಕಡಿಯಲು ಮನಸ್ಸಿಲ್ಲ. ಏನು ಮಾಡಲಿ?
ಓದುಗರೊಬ್ಬರು, ಕ್ಯಾಲನೂರು, ಕೋಲಾರ ತಾಲ್ಲೂಕು

ಉತ್ತರ: ದಯವಿಟ್ಟು ಕಡಿಯಬೇಡಿ. ನೀವು ಬರೆದ ಲಕ್ಷಣಗಳಲ್ಲಿ ಗಿಡದ ತಪ್ಪು ಯಾವುದೂ ಇಲ್ಲ. ಮರವನ್ನು ಉಳಿಸಿಕೊಂಡು ಹೂ ಕಾಣಲು ಬೇಕಾದದ್ದು ನಿಮ್ಮ ಮನೆಯ ಸೂರಿನ ಮೇಲೆಯೇ ಪ್ರತಿ ವರ್ಷ ಬೀಳುತ್ತಿದೆ.

ಮೊದಲು ಆ ಗಂಡು ಗಿಡದ ಮಾತನ್ನು ಪಕ್ಕಕ್ಕಿಡೋಣ. ಪಪ್ಪಾಯಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ ಇರುವುದು ನಿಜ. ಸಂಪಿಗೆಯಲ್ಲಿ ಹಾಗಿಲ್ಲ. ಒಂದೇ ಹೂವಿನೊಳಗೆ ಎರಡೂ ಇರುತ್ತವೆ. ನಡುವಿನ ಕಡ್ಡಿಯ ಮೇಲ್ಭಾಗದಲ್ಲಿ ಹೆಣ್ಣಿನ ಭಾಗ, ಬುಡದ ಸುತ್ತ ಗಂಡಿನ ಕೇಸರಗಳು. ಹೂ ಅರಳಿದಾಗ ಮೊದಲು ಹೆಣ್ಣಿನ ಭಾಗ ಪಕ್ವವಾಗುತ್ತದೆ, ಆಮೇಲೆ ಪರಾಗ ಉದುರುತ್ತದೆ. ದುಂಬಿ ಸಂಪಿಗೆಯ ಬಳಿ ಸುಳಿಯುವುದಿಲ್ಲ ಎಂದು ನಮ್ಮ ಹಳೆಯ ಕವಿಗಳು ಮತ್ತೆ ಮತ್ತೆ ಹೇಳುತ್ತಾ ಬಂದಿದ್ದಾರೆ. ಅವರ ಕಣ್ಣು ಚುರುಕಾಗಿತ್ತು. ಈ ಕುಲದ ಹೂಗಳು ಜೇನಿಗಾಗಿ ಬರುವವರನ್ನು ನಂಬಿ ಕೂತಿಲ್ಲ. ಇವುಗಳ ಪರಾಗಸ್ಪರ್ಶ ಮುಖ್ಯವಾಗಿ ಗಟ್ಟಿ ರೆಕ್ಕೆಯ ಸಣ್ಣ ಜೀರುಂಡೆಗಳ ಕೆಲಸ. ಸಂಪಿಗೆ ಸೇರಿದ ಮ್ಯಾಗ್ನೋಲಿಯಾ ಕುಟುಂಬ ಹೂಬಿಡುವ ಸಸ್ಯಗಳಲ್ಲೇ ಬಹಳ ಪುರಾತನವಾದದ್ದು. 1753ರಲ್ಲಿ ಲಿನೇಯಸ್ ನಮ್ಮ ಸಂಪಿಗೆಗೆ ಮೈಕೇಲಿಯಾ ಚಂಪಕ ಎಂದು ಹೆಸರಿಟ್ಟ. ಈಗ ಸಸ್ಯಶಾಸ್ತ್ರಜ್ಞರು ಮ್ಯಾಗ್ನೋಲಿಯಾ ಚಂಪಕ ಎನ್ನುತ್ತಾರೆ. ನರ್ಸರಿಯ ಚೀಟಿಯ ಮೇಲೆ ಎರಡರಲ್ಲಿ ಯಾವ ಹೆಸರಿದ್ದರೂ ಗಿಡ ಒಂದೇ.

ಹಾಗಾದರೆ ಆರು ವರ್ಷ ಏಕೆ ಬರಿದಾಗಿ ಹೋಯಿತು? ಒಂದು ಕಾರಣ ವಯಸ್ಸು. ಬೀಜದಿಂದ ಎದ್ದ ಸಂಪಿಗೆ ಹೂ ಬಿಡಲು ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ ತೆಗೆದುಕೊಳ್ಳುತ್ತದೆ. ಕಸಿ ಗಿಡವಾದರೆ ಎರಡು ಮೂರು ವರ್ಷಕ್ಕೇ ಹೂ ಕಾಣಬಹುದು, ಏಕೆಂದರೆ ಅದರ ಕುಡಿ ಈಗಾಗಲೇ ಹೂ ಬಿಟ್ಟ ಮರದ್ದು. ನಿಮ್ಮ ಗಿಡದ ಬುಡ ನೋಡಿ. ನೆಲದಿಂದ ಒಂದು ಗೇಣಿನೊಳಗೆ ಕಾಂಡ ಸೊಟ್ಟಗೆ ತಿರುಗಿದ ಗುರುತೋ, ಹಳೆಯ ಗಾಯ ಗಂಟಾಗಿ ಮಾಗಿದ ಗುರುತೋ ಇದ್ದರೆ ಅದು ಕಸಿ. ಏನೂ ಇಲ್ಲದೆ ನೆಟ್ಟಗೆ ಎದ್ದಿದ್ದರೆ ಬೀಜದ ಗಿಡ. ಹಾಗಿದ್ದರೆ ಅದು ಇನ್ನೂ ತಡಮಾಡಿಲ್ಲ. ಕಸಿ ಗುರುತು ಕಂಡು, ಆ ಗಂಟಿನ ಕೆಳಗಿನಿಂದಲೂ ಕವಲು ಎದ್ದಿದ್ದರೆ ಅದನ್ನು ಬುಡಕ್ಕೇ ತೆಗೆದುಹಾಕಿ. ಅದು ಬೇರುಗಿಡದ ಕವಲು; ಮೇಲಿನ ಕುಡಿಗೆ ಸೇರಬೇಕಾದದ್ದನ್ನೆಲ್ಲ ಎಳೆದುಕೊಳ್ಳುತ್ತದೆ.

ಎರಡನೆಯದು ನಿಮ್ಮ ಕತ್ತರಿ. ಸಂಪಿಗೆಯ ಮೊಗ್ಗು ಮೂಡುವುದು ಹೊಸ ಚಿಗುರಿನ ಎಲೆಗಳ ಕಂಕುಳಲ್ಲಿ. ವರ್ಷ ವರ್ಷ ತುದಿ ಕತ್ತರಿಸಿದರೆ ಮರ ತನ್ನ ಶಕ್ತಿಯನ್ನೆಲ್ಲ ಕಳೆದುಕೊಂಡ ಎತ್ತರವನ್ನು ಮತ್ತೆ ಪಡೆಯಲು ಸುರಿಯುತ್ತದೆ, ಹೂವಿಗೆ ಉಳಿಯುವುದಿಲ್ಲ. ತಂತಿಯ ಕಡೆ ಹೋಗುವ ಒಂದೆರಡು ಕವಲನ್ನು ಮಾತ್ರ ಹುಟ್ಟಿದ ಜಾಗಕ್ಕೇ ತೆಗೆಯಿರಿ, ಉಳಿದದ್ದನ್ನು ಮುಟ್ಟಬೇಡಿ. ತಂತಿ ನೇರ ಮೇಲೆಯೇ ಇದ್ದರೆ ನೀವೇ ಏಣಿ ಹಾಕಬೇಡಿ. ವಿದ್ಯುತ್ ಇಲಾಖೆಯ ಲೈನ್‌ಮನ್‌ಗೆ ಹೇಳಿ ಲೈನ್ ಬಂದ್ ಮಾಡಿಸಿಯೇ ಕೊಂಬೆ ಕಡಿಸಿ.

ಆದರೆ ಇವೆರಡೂ ಸಣ್ಣ ಕಾರಣಗಳು. ದೊಡ್ಡದನ್ನು ಗಿಡವೇ ತನ್ನ ಎಲೆಯ ಮೇಲೆ ಬರೆದಿದೆ. ಎಳೆಯ ಎಲೆ ಹಳದಿ, ನರ ಹಸಿರು, ಹಳೆಯ ಎಲೆ ಮಾತ್ರ ಚೆನ್ನಾಗಿದೆ ಎಂದರೆ ಕಬ್ಬಿಣದ ಕೊರತೆ. ಸಾರಜನಕ ಕಡಿಮೆಯಾಗಿದ್ದರೆ ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾಗುತ್ತಿತ್ತು, ಏಕೆಂದರೆ ಸಾರಜನಕವನ್ನು ಗಿಡ ಹಳೆಯ ಎಲೆಯಿಂದ ಹೊಸ ಎಲೆಗೆ ಸಾಗಿಸಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸಲು ಅದಕ್ಕೆ ಆಗುವುದಿಲ್ಲ. ಪ್ರತಿ ಹೊಸ ಎಲೆಗೂ ಬೇರಿನಿಂದಲೇ ಹೊಸದಾಗಿ ಬರಬೇಕು. ಎಲೆಯಂಚು ಸುಡುವುದು ಉಪ್ಪಿನ ಲಕ್ಷಣ. ಎರಡೂ ಒಟ್ಟಿಗೆ ಕಂಡರೆ ಅನುಮಾನ ಪಡಬೇಕಾದ್ದು ನೀರನ್ನು.

ಕೋಲಾರದ ಕೆಮ್ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವೇ? ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಇದ್ದರೂ ಬೇರಿಗೆ ಸಿಗುತ್ತಿಲ್ಲ, ಅಷ್ಟೇ. ಕಬ್ಬಿಣ ನೀರಿನಲ್ಲಿ ಕರಗಬೇಕಾದರೆ ಮಣ್ಣು ಸ್ವಲ್ಪ ಹುಳಿಯಾಗಿರಬೇಕು. ಹುಳಿ ಕಡಿಮೆಯಾಗಿ ಮಣ್ಣಿನ ಪಿಎಚ್ ಒಂದು ಅಂಕ ಏರಿದರೆ ಕರಗಿ ಸಿಗುವ ಕಬ್ಬಿಣ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಸಂಪಿಗೆಗೆ ಹಿತವಾದದ್ದು ಆರರ ಆಸುಪಾಸು. ನಮ್ಮ ಕಡೆಯ ಕೆಮ್ಮಣ್ಣು ಮೂಲದಲ್ಲಿ ಅದಕ್ಕಿಂತ ಬಹಳ ದೂರವೇನಲ್ಲ. ಅದನ್ನು ಸವಳಿನ ಕಡೆಗೆ ದೂಡುತ್ತಿರುವುದು ನಾವು ಹಾಕುವ ನೀರು.

ಬೋರ್‌ವೆಲ್ ಸಾವಿರ ಅಡಿ ದಾಟಿದ ಜಿಲ್ಲೆ ನಮ್ಮದು. ಅಷ್ಟು ಆಳದ ನೀರು ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತು ಬಂಡೆಯ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಮುಖ್ಯವಾಗಿ ಬೈಕಾರ್ಬನೇಟ್, ಅಂದರೆ ಅಡುಗೆ ಸೋಡಾದ ಜಾತಿಯದು. ಅದು ಹೆಚ್ಚಾದ ನೀರಿನಲ್ಲೇ ಬಂಡೆಯ ಫ್ಲೋರೈಡ್ ಕೂಡ ಸುಲಭವಾಗಿ ಕರಗಿ ಸೇರುತ್ತದೆ. ನಮ್ಮ ಹಳ್ಳಿಗಳ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಕಂಡದ್ದೂ, ಊರೂರಿಗೆ ಶುದ್ಧ ನೀರಿನ ಘಟಕ ಬಂದದ್ದೂ ಈ ಆಳದ ನೀರಿನಿಂದಲೇ. ಮನೆಯ ಹೆಂಗಸರಿಗೆ ಈ ನೀರಿನ ಗುರುತು ಯಾವ ಪ್ರಯೋಗಾಲಯಕ್ಕಿಂತ ಮೊದಲೇ ಗೊತ್ತು: ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಅದೇ ಪೊರೆ ಆರು ವರ್ಷದಿಂದ ದಿನವೂ ನಿಮ್ಮ ಸಂಪಿಗೆಯ ಬುಡದ ಮಣ್ಣಿನಲ್ಲಿ ಕೂರುತ್ತಿದೆ.

ಸಂಪಿಗೆ ಎಲ್ಲಿಂದ ಬಂದ ಮರ ಎಂದು ನೆನೆದರೆ ಅದರ ಸಂಕಟ ಅರ್ಥವಾಗುತ್ತದೆ. ಪೂರ್ವ ಹಿಮಾಲಯದ ತಪ್ಪಲು, ಈಶಾನ್ಯದ ಕಾಡುಗಳು, ನಮ್ಮ ಪಶ್ಚಿಮ ಘಟ್ಟ ಅದರ ತವರು. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸೋಲಿಗರು ದೇವರೆಂದು ಪೂಜಿಸುವ ದೊಡ್ಡ ಸಂಪಿಗೆಯನ್ನು ನೋಡಿದವರಿಗೆ ಈ ಮರ ಏನಾಗಬಲ್ಲದು ಎಂದು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ಬೇರಿನ ಮೇಲೆ ಕೊಳೆತ ಎಲೆಯ ಮೆತ್ತನೆ ಹಾಸು, ಮಣ್ಣು ಸದಾ ತಂಪು, ಕುಡಿಯುವುದು ಬರೀ ಮಳೆನೀರು. ಹಾಗೆಂದು ಬಯಲುಸೀಮೆಗೆ ಸಂಪಿಗೆ ಹೊಸದೇನಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಒಂದು ರಸ್ತೆಗೇ ಅದರ ಹೆಸರಿದೆ. ನಮ್ಮ ಕಡೆಯ ಹಳೆಯ ಮನೆಗಳ ಹಿತ್ತಲಲ್ಲಿ, ಗುಡಿಗಳ ಅಂಗಳದಲ್ಲಿ ಸಂಪಿಗೆ ಹೂ ಬಿಡುತ್ತಿದ್ದ ಕಾಲದಲ್ಲಿ ಅದಕ್ಕೆ ಸಿಗುತ್ತಿದ್ದುದು ತೆರೆದ ಬಾವಿಯ ನೀರು. ಕೆರೆ ತುಂಬಿದರೆ ಬಾವಿಗೆ ಒರತೆ. ಅದು ಬಹುಪಾಲು ಆ ವರ್ಷದ, ಹಿಂದಿನ ವರ್ಷದ ಮಳೆಯೇ. ಮರ ಅಂದೂ ಇದೇ, ಇಂದೂ ಇದೇ. ನೀರು ಬದಲಾಗಿದೆ.

ಆದ್ದರಿಂದ ನಿಮ್ಮ ಗಿಡಕ್ಕೆ ಮಳೆನೀರು ಕೊಡಿ. ಇದು ಹೇಳಲು ಸುಲಭ, ಕೋಲಾರದಲ್ಲಿ ಮಾಡಲಾಗದ ಮಾತು ಎನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುತ್ತದೆ, ಹೆಚ್ಚಿನದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹತ್ತು ಚದರದ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಐದರಲ್ಲಿ ಒಂದು ಪಾಲು ಸೋರಿ, ಆರಿ ಹೋಯಿತೆಂದು ಬಿಟ್ಟರೂ ವರ್ಷಕ್ಕೆ 50,000 ಲೀಟರಿಗೆ ಕಡಿಮೆಯಿಲ್ಲ. ಇನ್ನು ಮರದ ಖರ್ಚು. ಹತ್ತು ಅಡಿಯ ಸಂಪಿಗೆಗೆ, ಬುಡಕ್ಕೆ ಎಲೆ ಹೊದಿಸಿದ್ದರೆ, ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ 50 ಲೀಟರ್ ಸಾಕು. ಜನವರಿಯಿಂದ ಮೇ ಕೊನೆಯವರೆಗಿನ 150 ದಿನಕ್ಕೆ ಇದು ಒಟ್ಟು ಸುಮಾರು 1,900 ಲೀಟರ್. ಅಂದರೆ 2,000 ಲೀಟರಿನ ಒಂದೇ ಒಂದು ಕಪ್ಪು ಟ್ಯಾಂಕ್! ಅದು ತುಂಬಲು ಬೇಕಾದದ್ದು 27 ಮಿಲಿಮೀಟರ್ ಮಳೆ. ಅಕ್ಟೋಬರಿನ ಒಂದು ಒಳ್ಳೆಯ ಜಡಿಮಳೆ ಅಷ್ಟು ಕೊಡುತ್ತದೆ. ನಮ್ಮ ಊರುಗಳಲ್ಲಿ ಸಂಪಿಗೆ ಸಾಧ್ಯವಿಲ್ಲ ಎನ್ನುವವರಿಗೆ ನಾನು ಈ ಲೆಕ್ಕವನ್ನೇ ಕೊಡುತ್ತೇನೆ.

ಮೊದಲ ಮಳೆಯಲ್ಲಿ ತಾರಸಿಯ ಧೂಳು, ಹಕ್ಕಿ ಹಿಕ್ಕೆ ತೊಳೆದುಹೋಗಲಿ, ಆಮೇಲೆ ಪೈಪನ್ನು ಟ್ಯಾಂಕಿಗೆ ತಿರುಗಿಸಿ. ಬಾಯಿಗೆ ಸೊಳ್ಳೆ ಹೋಗದಂಥ ಬಲೆ ಕಟ್ಟಿ. ಬೆಳಕು ಬೀಳದಿದ್ದರೆ ಪಾಚಿ ಕಟ್ಟುವುದಿಲ್ಲ, ನೀರು ಬೇಸಿಗೆಯವರೆಗೂ ಕೆಡುವುದಿಲ್ಲ. ಟ್ಯಾಂಕ್ ತುಂಬಿದ ಮೇಲೆ ಉಳಿದ ಮಳೆಯನ್ನು ಚರಂಡಿಗೆ ಬಿಡಬೇಡಿ. ಸೂರಿನ ಪೈಪನ್ನು ಸಂಪಿಗೆಯ ಪಾತಿಗೇ ಬಿಡಿ. ಎರಡು ಮೂರು ಜೋರು ಮಳೆ ಹಾಗೆ ಹರಿದರೆ ಇಷ್ಟು ವರ್ಷ ಕೂತ ಉಪ್ಪು ಬೇರಿನ ಮಟ್ಟದಿಂದ ಕೆಳಗಿಳಿಯುತ್ತದೆ. ಆದರೆ ನೀರು ಅಲ್ಲೇ ಕೊಳದಂತೆ ನಿಲ್ಲಬಾರದು. ಸಂಪಿಗೆಯ ಬೇರು ಮಾಂಸಲವಾದದ್ದು, ಒಂದೆರಡು ದಿನ ಉಸಿರು ಕಟ್ಟಿದರೆ ಕೊಳೆಯಲು ಶುರು. ಹೆಚ್ಚಾದ ನೀರು ಹೊರಹೋಗಲು ಪಾತಿಗೆ ಒಂದು ಕಡೆ ಬಾಯಿ ಬಿಡಿ.

ದಿನವೂ ನೀರು ಬಿಡುವುದನ್ನು ಇಂದೇ ನಿಲ್ಲಿಸಿ. ದಿನಕ್ಕೊಂದು ಬಿಂದಿಗೆ ಬುಡಕ್ಕೆ ಸುರಿದರೆ ಮೇಲಿನ ನಾಲ್ಕು ಬೆರಳು ಮಣ್ಣು ಮಾತ್ರ ನೆನೆದು, ಆರಿ, ಉಪ್ಪು ಅಲ್ಲೇ ಉಳಿಯುತ್ತದೆ. ಕೊಡುವಾಗ ತುಂಬ ಕೊಡಿ, ಮುಂದಿನ ಸಲದವರೆಗೆ ಬಿಡಿ. ಪಾತಿ ಕಾಂಡಕ್ಕೆ ಅಂಟಿಕೊಂಡಿರದೆ ಕೊಂಬೆಗಳ ನೆರಳು ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಯವರೆಗೆ ಹರಡಿರಲಿ. ನೀರು ಹೀರುವ ಎಳೆಬೇರು ಇರುವುದು ಆ ಅಂಚಿನಲ್ಲಿ.

ನೀವು ಹಾಕುತ್ತಿರುವ ಬೂದಿ ಮತ್ತು ಡಿಎಪಿಯ ಮಾತು. ಒಲೆ ಬೂದಿ ಒಳ್ಳೆಯ ಗೊಬ್ಬರವೇ, ಆದರೆ ಅದು ಸುಣ್ಣದ ಗುಣದ್ದು. ಸವಳಿಗೆ ತಿರುಗಿದ ಪಾತಿಗೆ ಅದನ್ನು ಹಾಕಿದರೆ ಇನ್ನಷ್ಟು ಕಬ್ಬಿಣವನ್ನು ಬೀಗ ಹಾಕಿಟ್ಟಂತೆ. ಡಿಎಪಿಯ ರಂಜಕ ಅತಿಯಾದರೂ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಎರಡನ್ನೂ ನಿಲ್ಲಿಸಿ. ಬೂದಿಯನ್ನು ತೆಂಗಿಗೆ ಹಾಕಿ. ಬಟ್ಟೆ ಒಗೆದ ನೀರು, ಬಚ್ಚಲ ನೀರು ಸಂಪಿಗೆಯ ಕಡೆ ಹರಿಯುತ್ತಿದ್ದರೆ ಬಾಳೆಯ ಕಡೆ ತಿರುಗಿಸಿ. ಶುದ್ಧ ನೀರಿನ ಯಂತ್ರದಿಂದ ಹೊರಬೀಳುವ ನೀರನ್ನು ವ್ಯರ್ಥ ಮಾಡಬಾರದೆಂದು ಎಷ್ಟೋ ಮನೆಗಳಲ್ಲಿ ಗಿಡಕ್ಕೆ ಬಿಡುತ್ತಾರೆ. ಆ ನೀರಿನಲ್ಲಿ ಉಪ್ಪು ಬೋರ್‌ವೆಲ್ ನೀರಿಗಿಂತಲೂ ಗಟ್ಟಿಯಾಗಿರುತ್ತದೆ. ಅದು ನೆಲ ತೊಳೆಯಲು ಆದೀತು, ಸಂಪಿಗೆಗೆ ಬೇಡ. ಮನೆ ಕಟ್ಟಿದಾಗ ಉಳಿದ ಗಾರೆ, ಸಿಮೆಂಟ್ ಚೂರು ಗಿಡದ ಸುತ್ತ ಹೂತುಹೋಗಿದೆಯೇ ಎಂದೂ ಒಂದು ಗೇಣು ಕೆದಕಿ ನೋಡಿ. ಕಾಂಪೌಂಡ್ ಪಕ್ಕದ ಗಿಡಗಳು ಹಳದಿಯಾಗಲು ಇದು ಬಹು ಸಾಮಾನ್ಯ ಕಾರಣ. ಸಿಕ್ಕಷ್ಟನ್ನು ಬೇರಿಗೆ ಪೆಟ್ಟಾಗದಂತೆ ಕೈಯಿಂದ ಆರಿಸಿ ತೆಗೆಯಿರಿ. ಅಲ್ಲಿಗೆ ಕೆರೆಗೋಡು ತಂದು ತುಂಬುವ ಆಸೆ ಬೇಡ. ರಾಗಿ ಹೊಲಕ್ಕೆ ಗೋಡು ಬಂಗಾರ, ಆದರೆ ಅದರ ಜಿಗುಟು ಈ ಬೇರಿಗೆ ಉಸಿರು ಬಿಡಗೊಡುವುದಿಲ್ಲ.

ಅದರ ಬದಲು ಎಲೆ. ಹೊಂಗೆ, ಮಾವು, ಹಲಸು, ಉದುರಿದ್ದು ಯಾವುದಾದರೂ ಸರಿ, ಮೂರು ನಾಲ್ಕು ಅಂಗುಲ ದಪ್ಪ ಹೊದಿಸಿ, ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಿ. ಗೆದ್ದಲು ಬರುತ್ತದೆ ಎಂದು ನಮ್ಮ ಕಡೆ ಎಲೆ ಹೊದಿಸಲು ಹೆದರುತ್ತಾರೆ. ಗೆದ್ದಲಿಗೆ ಬೇಕಾದದ್ದು ಸತ್ತ ಎಲೆ; ಕಾಂಡಕ್ಕೆ ತಾಗದಿದ್ದರೆ, ಮೇಲೆ ಎರಡು ಹಿಡಿ ಬೇವಿನ ಹಿಂಡಿ ಚೆಲ್ಲಿದ್ದರೆ, ಬದುಕಿದ ಮರದ ಗೊಡವೆಗೆ ಅದು ಸಾಮಾನ್ಯವಾಗಿ ಬರುವುದಿಲ್ಲ. ಎಲೆ ಕೊಳೆಯುತ್ತಾ ಸಣ್ಣ ಪ್ರಮಾಣದ ಆಮ್ಲ ಬಿಡುತ್ತದೆ. ಕಬ್ಬಿಣವನ್ನು ಕರಗಿಸಿ ಬೇರಿಗೆ ತಲುಪಿಸುವುದು ಅದೇ. ವರ್ಷಕ್ಕೆ ಎರಡು ಬಾಂಡಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮುಂಗಾರಿನ ಮೊದಲಿಗೊಮ್ಮೆ, ಹಿಂಗಾರಿಗೊಮ್ಮೆ ಹಾಕಿದರೆ ಬೇರೆ ಗೊಬ್ಬರ ಬೇಡ.

ಇದೆಲ್ಲ ಫಲ ಕೊಡಲು ಒಂದು ಮಳೆಗಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಗಿಡಕ್ಕೆ ಚೇತರಿಕೆ ಬೇಕು. ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್ ಕೇಳಿ. ಒಂದು ಲೀಟರ್ ಮಳೆನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು ಬೆರೆಸಿ ಸಂಜೆ ಹೊತ್ತು ಎಳೆಯ ಎಲೆಗಳ ಮೇಲೆ, ಕೆಳಗೆ ನೆನೆಯುವಂತೆ ಸಿಂಪಡಿಸಿ. ಹದಿನೈದು ದಿನಕ್ಕೊಂದರಂತೆ ಮೂರು ಸಲ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಗೋಡೆಗೆ, ಬಟ್ಟೆಗೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ. ಎಲೆ ಹಸಿರಾದೊಡನೆ ರೋಗ ವಾಸಿಯಾಯಿತೆಂದು ತಿಳಿಯಬೇಡಿ. ಸಿಂಪಡಿಸಿದ ಕಬ್ಬಿಣ ಆ ಎಲೆಯಲ್ಲೇ ಉಳಿಯುತ್ತದೆ, ನಾಳೆ ಹುಟ್ಟುವ ಎಲೆಗೆ ಹೋಗುವುದಿಲ್ಲ. ಮಣ್ಣಿಗೆ ಹಾಕುವ ಕಬ್ಬಿಣದ ಪುಡಿ ಮಾರುವವರು ಇಡಿಟಿಎ ಎಂಬುದನ್ನು ಕೊಡಬಹುದು. ಸವಳು ಮಣ್ಣಿನಲ್ಲಿ ಅದು ಬೇಗ ಕೈಕೊಡುತ್ತದೆ; ಇಡಿಡಿಎಚ್‌ಎ ಎಂಬ ಕೆಂಪು ಬಣ್ಣದ ಪುಡಿ ಅಂಥಲ್ಲೂ ಕೆಲಸ ಮಾಡುತ್ತದೆ, ಬೆಲೆ ಹೆಚ್ಚು.

ಹಣ ಸುರಿಯುವ ಮೊದಲು ಒಂದು ಕೆಲಸ ಮಾಡಿ. ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ನಿಮ್ಮ ಬೋರ್‌ವೆಲ್ಲಿನ ಒಂದು ಬಾಟಲಿ ನೀರು, ಪಾತಿಯ ಅರ್ಧ ಅಡಿ ಆಳದ ಒಂದು ಹಿಡಿ ಮಣ್ಣು ಕೊಂಡುಹೋಗಿ ಪರೀಕ್ಷೆಯ ವಿಚಾರ ಕೇಳಿ. ತೋಟಗಾರಿಕೆ ಕಾಲೇಜೂ ಅಲ್ಲೇ ಇದೆ. ನೆರೆಯವರ ಬೋರ್‌ವೆಲ್ ನೋಡಿ ನಿಮ್ಮದನ್ನು ಅಳೆಯಬೇಡಿ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಜಿಲ್ಲೆಯಲ್ಲಿ ಒಂದರ ಹಿಂದೊಂದು ಕೆರೆ ತುಂಬಿ, ಸುತ್ತಲಿನ ಅಂತರ್ಜಲ ಮೇಲೆ ಬಂದಿದೆ. ಅಂಥ ಕಡೆ ನೀರಿನ ಗುಣ ಹತ್ತು ವರ್ಷದ ಹಿಂದಿನದಲ್ಲ. ಒಂದೇ ಊರಿನಲ್ಲಿ ಎರಡು ಬಾವಿಗಳ ನೀರು ಎರಡು ಥರ ಇರುತ್ತದೆ.

ನಿಮ್ಮತ್ತೆಯವರ ಹಾವಿನ ಭಯಕ್ಕೆ ಗೌರವ ಕೊಟ್ಟೇ ಹೇಳುತ್ತೇನೆ. ಹಾವಿಗೆ ಸಂಪಿಗೆಯ ಪರಿಮಳ ಬೇಕಾಗಿಲ್ಲ, ಇಲಿ, ಕಪ್ಪೆ ಬೇಕು. ಮರದ ಬುಡದಲ್ಲಿ ಸೌದೆ ರಾಶಿ, ಒಡೆದ ಹೆಂಚು, ಕಾಳಿನ ಚೀಲ ಇದ್ದರೆ ಇಲಿ ಸೇರುತ್ತದೆ, ಅದರ ಹಿಂದೆ ಹಾವು. ನಾನು ಹೇಳಿದ ಎಲೆ ಹೊದಿಕೆಯನ್ನು ವಾರಕ್ಕೊಮ್ಮೆ ಕೋಲಿನಿಂದ ಕೆದಕಿ ನೋಡಿ, ಸುತ್ತ ಎರಡು ಮಾರು ಜಾಗ ಚೊಕ್ಕಟವಾಗಿಡಿ. ಹೂ ಆರಿಸಲು ಹೋಗುವಾಗ ಚಪ್ಪಲಿ, ಕತ್ತಲಾದರೆ ಟಾರ್ಚ್ ಇರಲಿ. ಈ ಎಚ್ಚರ ಯಾವ ಗಿಡದ ಬುಡಕ್ಕೂ ಬೇಕು, ಮಾವನವರು ಹಾಕಬೇಕೆನ್ನುವ ನಿಂಬೆಗೂ. ನಿಂಬೆಯ ವಿಷಯದಲ್ಲಿ ಅವರಿಗೆ ಇದನ್ನೂ ತಿಳಿಸಿ: ಕಬ್ಬಿಣದ ಕೊರತೆಗೆ ಮೊದಲು ಹಳದಿಯಾಗುವ ಗಿಡಗಳಲ್ಲಿ ನಿಂಬೆಯೂ ಒಂದು. ಅದೇ ಪಾತಿ, ಅದೇ ನೀರು ಉಳಿದರೆ ಅವರು ಅದೇ ಹಳದಿ ಎಲೆಯನ್ನು ಮತ್ತೆ ನೋಡುತ್ತಾರೆ.

ಚಿಗುರೆಲೆಯ ಮೇಲೆ ಹಸಿರು ಬಣ್ಣದ, ಮುಳ್ಳು ಮುಳ್ಳಾದ ಹುಳು ಕಂಡರೆ ಔಷಧಿ ಹೊಡೆಯುವ ಮುನ್ನ ತಾಳಿ. ಅದು ಸೀತಾಫಲದ ಮೇಲೂ ಬೆಳೆಯುವ, ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕೆಯ ಚಿಟ್ಟೆಯ ಮರಿಯಾಗಿರಬಹುದು. ಹತ್ತಾರು ಎಲೆ ತಿಂದು ಹೋಗುತ್ತದೆ, ಮರಕ್ಕೆ ನಷ್ಟವಿಲ್ಲ. ಕೊಂಬೆಗೆ ಅಂಟಿಕೊಂಡ ಕಂದು ಹುರುಪೆಯಂಥ ಕೀಟ, ಅದರ ಸುತ್ತ ಇರುವೆ ಸಾಲು ಕಂಡರೆ ಮಾತ್ರ ಲೀಟರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಚೂರು ಸೋಪು ಬೆರೆಸಿ ಸಂಜೆ ಹೊಡೆಯಿರಿ.

ಹಿತ್ತಲಲ್ಲಿ ಇನ್ನೊಂದು ಗಿಡಕ್ಕೆ ಜಾಗವಿದ್ದರೆ ಈ ಜೂನ್‌ನಲ್ಲೇ ಒಂದು ಕಸಿ ಸಂಪಿಗೆ ತಂದು ನೆಡಿ. ನವೆಂಬರ್‌ವರೆಗೆ ಮಳೆಯೇ ಅದನ್ನು ನೋಡಿಕೊಳ್ಳುತ್ತದೆ. ಲಾಲ್‌ಬಾಗಿನಲ್ಲಿ ನರ್ಸರಿಯವರ ಸಹಕಾರ ಸಂಘದ ಮಳಿಗೆಯಿದೆ, ಬೆಂಗಳೂರಿಗೆ ಹೋದಾಗ ವಿಚಾರಿಸಬಹುದು. ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿದ ದೊಡ್ಡ ಗಿಡಕ್ಕಿಂತ ಎರಡಡಿಯ ಎಳೆ ಗಿಡ ವಾಸಿ. ಮನೆಯಿಂದ ಹದಿನೈದು ಅಡಿಯಾದರೂ ದೂರವಿರಲಿ, ಮೇಲೆ ತಂತಿ ಬೇಡ. ಬಿಳಿ ಸಂಪಿಗೆಯ ಮೇಲೆ ಆಸೆಯಿದ್ದರೆ ಅದನ್ನು ಕಸಿಯಾಗಿಯೇ ಕೊಳ್ಳಿ, ಅದು ಬೀಜ ಕಟ್ಟುವುದೇ ಅಪರೂಪ.

ಹಳೆಯ ಗಿಡಕ್ಕೆ ಒಂದು ಪೂರ್ತಿ ಮಳೆಗಾಲ, ಅದರ ಮುಂದಿನ ಬೇಸಿಗೆ ಮಳೆನೀರು ಕೊಟ್ಟ ಮೇಲೆ ಹೊಸ ಎಲೆ ಹಸಿರಾಗಿ ಬರುತ್ತಿದೆಯೇ ಎಂಬುದನ್ನು ಮೊದಲು ನೋಡಿ. ಹಸಿರು ಬಂದರೆ ದಾರಿ ಸರಿ. ಹೂ ಆಮೇಲಿನ ಮಾತು, ಬೀಜದ ಗಿಡವಾದರೆ ಇನ್ನೆರಡು ಮೂರು ವರ್ಷ ಬೇಕಾಗಬಹುದು. ಎಲೆ ಹಸಿರಾಗದಿದ್ದರೆ ಪರೀಕ್ಷೆಯ ವರದಿಯಲ್ಲಿರುವ ಪಿಎಚ್, ಇಸಿ (ಉಪ್ಪಿನಂಶದ ಅಳತೆ), ಬೈಕಾರ್ಬನೇಟ್ ಈ ಮೂರು ಸಂಖ್ಯೆಗಳನ್ನು ಬರೆದು ಕಳಿಸಿ. ಮಣ್ಣಿಗೆ ಜಿಪ್ಸಂ ಬೇಕೋ ಗಂಧಕ ಬೇಕೋ ಎಂಬುದನ್ನು ಆ ಸಂಖ್ಯೆ ನೋಡಿಯೇ ಹೇಳಬೇಕು.